ಕೋಟೆ ಬಂಡೆ ಮೇಲಿನ ಕಳ್ಳಿ ಕ್ಯಾಕ್ಟಸ್ಸಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಕಡಿಮೆ ನೀರಿನ ಗಿಡಗಳ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರ, ಮೆಸೇಜುಗಳಲ್ಲಿ ಹೆಚ್ಚಿನವು ಚಿತ್ರದುರ್ಗ ಮತ್ತು ದಾವಣಗೆರೆ ಕಡೆಯವು. ಬಹಳಷ್ಟು ಜನ ಕೇಳಿದ್ದು ಒಂದೇ ಗೊಂದಲ: ಯಾವುದು ಕ್ಯಾಕ್ಟಸ್, ಯಾವುದು ಸಕ್ಯುಲೆಂಟ್? ಅದಕ್ಕೇ ಈ ಸಲ ಪೂರ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಮಗಳನ್ನು ಕರೆದುಕೊಂಡು ಕೋಟೆ ಹತ್ತಿದ್ದೆವು. ಬಂಡೆ ಸಂದಿಯಲ್ಲಿ ಆಳೆತ್ತರಕ್ಕೆ ಬೆಳೆದ ಮುಳ್ಳಿನ ಗಿಡ ತೋರಿಸಿ "ಅಪ್ಪಾ, ಕ್ಯಾಕ್ಟಸ್" ಅಂದಳು. ಕಾಂಡ ಮೂಲೆ ಮೂಲೆಯಾಗಿದೆ, ಮುರಿದ ಕಡೆ ಬಿಳಿ ಹಾಲು ಬರುತ್ತದೆ. ನರ್ಸರಿಯವರು ಇಂಥದ್ದನ್ನೇ ಸಕ್ಯುಲೆಂಟ್ ಅಂತ ಮಾರುತ್ತಾರೆ. ಅವಳಿಗೆ ಏನು ಹೇಳಲಿ? — ಓದುಗರೊಬ್ಬರು, ಚಿತ್ರದುರ್ಗ

ಮಗಳಿಗೆ ಹೇಳಿ, ಅದು ಸಕ್ಯುಲೆಂಟ್ ಹೌದು, ಕ್ಯಾಕ್ಟಸ್ ಅಲ್ಲ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಚದುರಗಳ್ಳಿ. ಯೂಫೋರ್ಬಿಯಾ ಜಾತಿಯದು. ನಮ್ಮ ಹೊಲಗಳಲ್ಲಿ ಬೆಳೆಯುವ ಹರಳು ಗಿಡದ ಕುಟುಂಬಕ್ಕೇ ಸೇರಿದ್ದು ಅಂದರೆ ನಂಬುವುದು ಕಷ್ಟ, ಆದರೆ ನಿಜ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಸಕ್ಯುಲೆಂಟ್ ಅನ್ನುವುದು ಒಂದು ಕುಟುಂಬದ ಹೆಸರಲ್ಲ, ಒಂದು ಬದುಕುವ ರೀತಿ. ಎಲೆಯಲ್ಲೋ ಕಾಂಡದಲ್ಲೋ ಬೇರಿನಲ್ಲೋ ನೀರು ಕೂಡಿಟ್ಟುಕೊಂಡು ಬರಗಾಲ ದಾಟುವ ಯಾವ ಗಿಡವನ್ನಾದರೂ ಹಾಗೆ ಕರೆಯಬಹುದು. ಲೋಳೆಸರ ಎಲೆಯಲ್ಲಿ ಇಡುತ್ತದೆ, ಚದುರಗಳ್ಳಿ ಕಾಂಡದಲ್ಲಿ ಇಡುತ್ತದೆ, ಅಡೀನಿಯಂ ಬುಡ ಉಬ್ಬಿಸಿಕೊಂಡು ಅಲ್ಲಿ ಇಡುತ್ತದೆ. ಇವು ಮೂರೂ ಬೇರೆ ಬೇರೆ ಕುಟುಂಬದವು. ನಾವು ಚಟ್ನಿ ಮಾಡುವ ಮಂಗರವಳ್ಳಿ ದ್ರಾಕ್ಷಿಯ ಸಂಬಂಧಿ, ಅದೂ ಸಕ್ಯುಲೆಂಟೇ. ಕಾಡುಬಸಳೆಯೂ ಅಷ್ಟೇ, ಕುಂಡದ ಜೇಡ್ ಗಿಡವೂ ಅಷ್ಟೇ.

ಕ್ಯಾಕ್ಟಸ್ ಹಾಗಲ್ಲ. ಅದು ಒಂದೇ ಕುಟುಂಬ. ಸುಮಾರು 1,500ಕ್ಕೂ ಹೆಚ್ಚು ಜಾತಿಗಳಿವೆ, ಅಷ್ಟೂ ಒಂದೇ ವಂಶದವು. ಹೆಚ್ಚುಕಡಿಮೆ ಎಲ್ಲ ಕ್ಯಾಕ್ಟಸ್‌ಗಳೂ ಸಕ್ಯುಲೆಂಟ್‌ಗಳೇ, ಆದರೆ ಸಕ್ಯುಲೆಂಟ್‌ಗಳೆಲ್ಲ ಕ್ಯಾಕ್ಟಸ್ ಅಲ್ಲ. ಇಲ್ಲೇ ನರ್ಸರಿಗಳಲ್ಲಿ ಗೊಂದಲ ಆಗುವುದು. ಮುಳ್ಳಿದ್ದರೆ ಕ್ಯಾಕ್ಟಸ್, ಇಲ್ಲದಿದ್ದರೆ ಸಕ್ಯುಲೆಂಟ್ ಅಂತ ಚೀಟಿ ಅಂಟಿಸಿಬಿಡುತ್ತಾರೆ.

ಮುಳ್ಳು ಇದೆಯೋ ಇಲ್ಲವೋ ಅನ್ನುವುದನ್ನು ಬಿಡಿ. ಮುಳ್ಳು ಎಲ್ಲಿಂದ ಹುಟ್ಟಿದೆ ಅಂತ ನೋಡಿ. ಕ್ಯಾಕ್ಟಸ್ ಮೈಮೇಲೆ ಸಾಲಾಗಿ ಪುಟ್ಟ ಪುಟ್ಟ ಉಬ್ಬುಗಳಿರುತ್ತವೆ. ಬಹಳಷ್ಟರಲ್ಲಿ ಅದರ ಮೇಲೆ ಬಿಳಿ ಅಥವಾ ಕಂದು ಬಣ್ಣದ ನವಿರು ತುಪ್ಪಳ ಇರುತ್ತದೆ. ಇದಕ್ಕೆ ಆರಿಯೋಲ್ ಅನ್ನುತ್ತಾರೆ. ಮುಳ್ಳುಗಳ ಗೊಂಚಲು ಇಲ್ಲಿಂದಲೇ ಬರುತ್ತದೆ. ಹೊಸ ಕವಲೂ ಸಾಮಾನ್ಯವಾಗಿ ಇಲ್ಲಿಂದಲೇ, ಹೆಚ್ಚಿನ ಜಾತಿಗಳಲ್ಲಿ ಹೂವೂ ಇಲ್ಲಿಂದಲೇ. ಈ ಆರಿಯೋಲ್ ಜಗತ್ತಿನಲ್ಲಿ ಕ್ಯಾಕ್ಟಸ್ ಕುಟುಂಬಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಇಲ್ಲ. ಚದುರಗಳ್ಳಿಯಲ್ಲಿ ನೋಡಿ, ಕಾಂಡದ ಅಂಚಿನ ಮೇಲೆ ಮುಳ್ಳುಗಳು ಎರಡೆರಡಾಗಿ ಜೋಡಿಯಲ್ಲಿ ನಿಂತಿರುತ್ತವೆ. ತುಪ್ಪಳದ ಉಬ್ಬು ಇರುವುದಿಲ್ಲ. ಮಗಳ ಕೈಗೆ ಒಂದು ಭೂತಕನ್ನಡಿ ಕೊಡಿ, ಅವಳೇ ಕಂಡುಹಿಡಿಯುತ್ತಾಳೆ.

ಹೂವು ಬಿಟ್ಟಾಗ ಇನ್ನೂ ಸುಲಭ. ಕ್ಯಾಕ್ಟಸ್ ಹೂವಿಗೆ ಪದರ ಪದರವಾಗಿ ಬಹಳ ಎಸಳು, ನಡುವೆ ರಾಶಿ ಕೇಸರ, ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಚದುರಗಳ್ಳಿಯಂಥ ಯೂಫೋರ್ಬಿಯಾಗಳ ಹೂವು ಹಳದಿ ಗುಂಡಿಯಷ್ಟೇ ಚಿಕ್ಕದು, ಎಷ್ಟೋ ಸಲ ಹೂ ಬಿಟ್ಟಿದ್ದೇ ಗೊತ್ತಾಗುವುದಿಲ್ಲ. ಇನ್ನು ಹಾಲಿನ ವಿಷಯ. ಯೂಫೋರ್ಬಿಯಾದಲ್ಲಿ ಗಾಯವಾದರೆ ಹಾಲು ಬರುತ್ತದೆ, ಹೆಚ್ಚಿನ ಕ್ಯಾಕ್ಟಸ್‌ಗಳಲ್ಲಿ ನೀರಿನಂಥ ರಸ ಅಥವಾ ಲೋಳೆ. ಆದರೆ ಮ್ಯಾಮಿಲೇರಿಯಾ ಅನ್ನುವ ಕೆಲವು ಕ್ಯಾಕ್ಟಸ್‌ಗಳಲ್ಲೂ ಹಾಲು ಇದೆ, ಹಾಗಾಗಿ ಅದೊಂದನ್ನೇ ನಂಬಬೇಡಿ. ಪರೀಕ್ಷೆ ಮಾಡೋಕೆ ಅಂತ ಗಿಡ ಮುರಿಯಲೂ ಬೇಡಿ. ಯಾಕೆ ಅಂತ ಮುಂದೆ ಒಂದು ಪ್ರಶ್ನೆಗೆ ಬರೆದಿದ್ದೇನೆ.

ಹಾಗಾದರೆ ಇವೆರಡೂ ಇಷ್ಟು ಒಂದೇ ಥರ ಯಾಕೆ ಕಾಣುತ್ತವೆ? ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾಗುವ ಭಾಗ ಇದೇ. ಕ್ಯಾಕ್ಟಸ್‌ಗಳ ತವರು ಅಮೆರಿಕ ಖಂಡಗಳು. ರಿಪ್ಸಾಲಿಸ್ ಅನ್ನುವ ಗುಂಪಿನ ಒಂದೇ ಒಂದು ಜಾತಿ ಮಾತ್ರ ಆಫ್ರಿಕಾ, ಮಡಗಾಸ್ಕರ್, ಶ್ರೀಲಂಕಾದಲ್ಲಿ ತಾನಾಗಿ ಬೆಳೆಯುತ್ತದೆ. ದಪ್ಪ ಕಾಂಡದ ಯೂಫೋರ್ಬಿಯಾಗಳು ಹೆಚ್ಚಾಗಿ ಇರುವುದು ಆಫ್ರಿಕಾ ಮತ್ತು ನಮ್ಮ ಕಡೆ. ನಡುವೆ ಸಮುದ್ರ. ಎರಡಕ್ಕೂ ಇದ್ದ ಕಷ್ಟ ಮಾತ್ರ ಒಂದೇ: ಮಳೆ ಕಡಿಮೆ, ಬಿಸಿಲು ಜಾಸ್ತಿ, ಹಸಿದ ಪ್ರಾಣಿಗಳು ಸುತ್ತ. ಎರಡೂ ಬೇರೆ ಬೇರೆಯಾಗಿ ಲಕ್ಷಗಟ್ಟಲೆ ವರ್ಷಗಳಲ್ಲಿ ಒಂದೇ ಪರಿಹಾರಕ್ಕೆ ಬಂದವು. ಎಲೆ ಇದ್ದರೆ ನೀರು ಆವಿಯಾಗಿ ಹೋಗುತ್ತದೆ, ಅದಕ್ಕೆ ಎಲೆಯನ್ನೇ ತೊರೆದವು. ಕಾಂಡಕ್ಕೇ ಹಸಿರು ಬಣ್ಣ ಕೊಟ್ಟು ಅಲ್ಲೇ ಆಹಾರ ತಯಾರಿಸಿಕೊಂಡವು. ಕಾಂಡಕ್ಕೆ ಏಣು ಏಣು ಬಂತು, ಮಳೆ ಬಂದಾಗ ಉಬ್ಬೋಕೆ, ಬೇಸಿಗೆಯಲ್ಲಿ ಕುಗ್ಗೋಕೆ. ಮುಳ್ಳು ಕಾವಲಿಗೆ ನಿಂತಿತು. ನೀವು ಕೋಟೆಯ ಮೇಲೆ ನೋಡಿದ್ದು ಇದರ ಒಂದು ಕಡೆಯ ಸಾಕ್ಷಿ.

ಪ್ರಶ್ನೆ: ಹೊಲದ ಬದುವಿನ ಪಾಪಾಸುಕಳ್ಳಿಯಾದರೂ ನಮ್ಮದೇ ಅಲ್ವಾ? — ರೈತರು, ಚಳ್ಳಕೆರೆ ತಾಲ್ಲೂಕು

ಅಣ್ಣಾ, ಅದು ಕ್ಯಾಕ್ಟಸ್ಸೇ, ಆದರೆ ನಮ್ಮ ನೆಲದ್ದಲ್ಲ. ಅದೂ ಅಮೆರಿಕ ಕಡೆಯಿಂದ ಬಂದದ್ದು. ರಾಜ್ಯದ ಅತಿ ಒಣ ತಾಲ್ಲೂಕುಗಳಲ್ಲಿ ಒಂದಾದ ನಿಮ್ಮಲ್ಲಿ ಅದು ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ಅಂದರೆ ಹೊರಗಿನದು ಅಂತ ಯಾರಿಗೂ ಅನ್ನಿಸುವುದಿಲ್ಲ.

ಅದರ ಕತೆ ಗೊತ್ತಿರಬೇಕು. ಪಾಪಾಸುಕಳ್ಳಿಯ ಮೇಲೆ ಕೊಚಿನೀಲ್ ಅನ್ನುವ ಪುಟ್ಟ ಹುಳ ಬೆಳೆಯುತ್ತದೆ. ಅದನ್ನು ಒಣಗಿಸಿ ಅರೆದರೆ ಒಳ್ಳೆ ಕೆಂಪು ಬಣ್ಣ. ಆ ಬಣ್ಣದ ವ್ಯಾಪಾರ ಆಗ ಸ್ಪೇನ್‌ನವರ ಕೈಯಲ್ಲಿತ್ತು. ಬ್ರಿಟಿಷರು ಅದನ್ನು ಇಲ್ಲೇ ತಯಾರಿಸಬೇಕು ಅಂತ ಹೊರಟು, 1795ರಲ್ಲಿ ಬ್ರೆಜಿಲ್ ಕಡೆಯಿಂದ ಹುಳ ತರಿಸಿದರು. ಬಂದದ್ದು ಬೇರೆ ಜಾತಿಯ ಹುಳ. ಬಣ್ಣ ಸರಿಯಾಗಿ ಬರಲಿಲ್ಲ, ಬದಲಿಗೆ ಅದು ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸುತ್ತಾ ಬಂತು. ಕಳೆ ಗಿಡವನ್ನು ಹುಳದಿಂದ ಹತೋಟಿಗೆ ತಂದದ್ದಕ್ಕೆ ಜಗತ್ತಿನಲ್ಲೇ ಮೊದಲ ಉದಾಹರಣೆ ಅಂತ ಇದನ್ನು ಇವತ್ತೂ ಹೇಳುತ್ತಾರೆ. ಆಮೇಲೆ ಇನ್ನೊಂದು ಜಾತಿಯ ಪಾಪಾಸುಕಳ್ಳಿ ದಕ್ಷಿಣ ಭಾರತದ ಹೊಲ, ಗೋಮಾಳ ಎಲ್ಲ ಆವರಿಸಿದಾಗ, 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಹುಳವನ್ನು ಬೇಕೆಂದೇ ತಂದು ಬಿಟ್ಟರು. ಅದು ಕೆಲಸ ಮಾಡಿತು.

ನಿಮ್ಮ ಬದುವಿನ ಗಿಡದ ಮೇಲೆ ಬಿಳಿ ಹತ್ತಿಯಂಥ ಉಂಡೆ ಕಂಡರೆ ಕಡ್ಡಿಯಿಂದ ಒತ್ತಿ ನೋಡಿ. ಕಡುಗೆಂಪು ರಸ ಬಂದರೆ ಅದು ಈ ಕುಲದ ಹುಳವೇ. ಕೈಯಿಂದ ಮಾತ್ರ ಮುಟ್ಟಬೇಡಿ. ಪಾಪಾಸುಕಳ್ಳಿಗೆ ದೊಡ್ಡ ಮುಳ್ಳಿನ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳ ಕಟ್ಟು ಇರುತ್ತದೆ, ಚರ್ಮದಲ್ಲಿ ಕೂತರೆ ಎರಡು ದಿನ ನೆಮ್ಮದಿ ಇರಲ್ಲ. ಕೂತರೆ ಉಜ್ಜಬೇಡಿ, ಅಂಟುವ ಟೇಪ್ ಒತ್ತಿ ಕೀಳಿ.

ಪ್ರಶ್ನೆ: ನಮ್ಮ ಮನೆ ಬ್ರಹ್ಮಕಮಲಕ್ಕೆ ಒಂದೂ ಮುಳ್ಳಿಲ್ಲ, ಬರೀ ಎಲೆ. ಅದು ಕ್ಯಾಕ್ಟಸ್ ಅಂತ ನೀವು ಬರೆದದ್ದು ತಪ್ಪಲ್ವಾ ಮೇಡಂ? — ಗೃಹಿಣಿ, ದಾವಣಗೆರೆ

ತಪ್ಪಲ್ಲಮ್ಮಾ. ನಾವು ಮನೆಯಲ್ಲಿ ಬೆಳೆಸುವ ಬ್ರಹ್ಮಕಮಲ ಅಪ್ಪಟ ಕ್ಯಾಕ್ಟಸ್. ಹೆಸರು ಎಪಿಫಿಲಮ್, ತವರು ಮೆಕ್ಸಿಕೊ ಮತ್ತು ಅದರ ಕೆಳಗಿನ ಕಾಡುಗಳು. ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆಯೇ. ಅದು ಉತ್ತರಾಖಂಡದ ರಾಜ್ಯ ಪುಷ್ಪ, ನಮ್ಮ ಹೊಲದ ಸೂರ್ಯಕಾಂತಿಯ ಕುಟುಂಬದ್ದು.

ನೀವು ಎಲೆ ಅಂದುಕೊಂಡದ್ದು ಎಲೆಯೇ ಅಲ್ಲ, ಚಪ್ಪಟೆಯಾದ ಕಾಂಡ. ಅದರ ಅಂಚಿನಲ್ಲಿ ಅಲ್ಲಲ್ಲಿ ಒಳಕ್ಕೆ ತಗ್ಗಿದ ಜಾಗ ಇರುತ್ತದೆ ನೋಡಿ, ಮೊಗ್ಗು ಯಾವಾಗಲೂ ಅಲ್ಲಿಂದಲೇ ಬರುತ್ತದೆ. ಅದೇ ಆರಿಯೋಲ್. ಎಲೆಯ ಅಂಚಿನಿಂದ ಹೂ ಹುಟ್ಟಿತು ಅಂತ ಜನ ಆಶ್ಚರ್ಯಪಡುತ್ತಾರೆ. ಕಾಂಡದಿಂದ ಹೂ ಬರುವುದು ಸಹಜ ತಾನೆ?

ಮುಳ್ಳಿನ ಕ್ಯಾಕ್ಟಸ್‌ನಂತೆ ಇದನ್ನು ನೋಡಿಕೊಂಡರೆ ಬಾಡುತ್ತದೆ. ಇದು ಮರುಭೂಮಿಯದ್ದಲ್ಲ, ಮಳೆಕಾಡಿನ ಮರಗಳ ಮೇಲೆ ಕೂತು ಬೆಳೆಯುವ ಗಿಡ. ದಾವಣಗೆರೆಯ ಮಧ್ಯಾಹ್ನದ ಬಿಸಿಲು ಇದಕ್ಕೆ ಆಗುವುದಿಲ್ಲ, ಬೆಳಗಿನ ಎಳೆಬಿಸಿಲು ಸಾಕು. ಮಣ್ಣಿಗೆ ಚೆನ್ನಾಗಿ ಕೊಳೆತ ಎಲೆಗೊಬ್ಬರ ಸೇರಿಸಿ. ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದ ಕೂಡಲೇ ನೀರು ಕೊಡಿ. ಹೂವು ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುತ್ತದೆ, ಆ ದಿನ ಅಕ್ಕಪಕ್ಕದವರನ್ನೂ ಕರೆಯಿರಿ.

ಹಾಗೆಯೇ, ಮಾರ್ಕೆಟ್ಟಿನಲ್ಲಿ ನೀವು ಕೊಳ್ಳುವ ಡ್ರ್ಯಾಗನ್ ಫ್ರೂಟ್ ಕೂಡ ಕ್ಯಾಕ್ಟಸ್ ಹಣ್ಣೇ. ಕಲ್ಲುಕಂಬಕ್ಕೆ ಹಬ್ಬಿಸಿ ನಮ್ಮ ಬಯಲುಸೀಮೆಯಲ್ಲೂ ಬೆಳೆಯುತ್ತಿದ್ದಾರೆ. ಅದರ ಹೂವೂ ರಾತ್ರಿಯೇ ಅರಳುವುದು, ನೋಡಲು ಬ್ರಹ್ಮಕಮಲಕ್ಕೆ ಬಹಳ ಹತ್ತಿರ.

ಪ್ರಶ್ನೆ: ನರ್ಸರಿಯಿಂದ ಪುಟ್ಟ ಪುಟ್ಟ ಗಿಡಗಳ ಟ್ರೇ ತಂದೆ. ಎಲ್ಲಕ್ಕೂ ವಾರಕ್ಕೆ ಎರಡು ಸಲ ಸ್ಪ್ರೇ ಮಾಡಿದೆ. ಕೆಲವು ಬುಡದಲ್ಲಿ ಕೊಳೆತವು, ಕೆಲವು ಉದ್ದಕ್ಕೆ ಬಿಳಿಚಿಕೊಂಡು ಬೆಳೆದವು. — ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಸ್ಪ್ರೇ ಬಾಟಲಿ ಪಕ್ಕಕ್ಕಿಡಿ. ಮೇಲೆ ಮೇಲೆ ಚಿಮುಕಿಸಿದ ನೀರು ಬೇರಿಗೆ ಸಾಕಾಗಲ್ಲ, ಬುಡ ಮಾತ್ರ ಯಾವಾಗಲೂ ಹಸಿ ಇರುತ್ತದೆ. ಕ್ಯಾಕ್ಟಸ್ ಇರಲಿ, ಬೇರೆ ಸಕ್ಯುಲೆಂಟ್ ಇರಲಿ, ಕೊಡುವಾಗ ಕುಂಡದ ತಳದಿಂದ ಹೊರಗೆ ಬರುವಷ್ಟು ಕೊಡಿ, ಆಮೇಲೆ ಮಣ್ಣು ಪೂರ್ತಿ ಒಣಗುವ ತನಕ ಮುಟ್ಟಬೇಡಿ. ಕಡ್ಡಿ ಚುಚ್ಚಿ ನೋಡಿ, ಮಣ್ಣು ಅಂಟಿಕೊಂಡು ಬಂದರೆ ಇನ್ನೂ ಕಾಯಿರಿ. ದಿನದ ಲೆಕ್ಕ ಇಟ್ಟುಕೊಳ್ಳಬೇಡಿ, ಮಾರ್ಚ್‌ನಲ್ಲಿ ಒಣಗುವ ವೇಗ ಬೇರೆ, ಉತ್ತರೆ ಹಸ್ತ ಮಳೆ ಹಿಡಿದಾಗ ಬೇರೆ.

ಇಲ್ಲಿ ಎರಡರ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ. ಗುಂಡಗಿರುವ, ಮುಳ್ಳಿನ ಕ್ಯಾಕ್ಟಸ್ ಕಾಂಡದಲ್ಲಿ ಬಹಳ ನೀರು ಇಟ್ಟಿರುತ್ತದೆ. ಮಣ್ಣು ಒಣಗಿದ ಮೇಲೂ ಸಾಕಷ್ಟು ದಿನ ಸುಮ್ನೆ ಇರಬಲ್ಲದು. ಎಚೆವೆರಿಯಾದಂಥ ಎಲೆ ಸಕ್ಯುಲೆಂಟ್‌ಗಳಲ್ಲಿ ಸಂಗ್ರಹ ಅಷ್ಟು ದೊಡ್ಡದಲ್ಲ. ಅವು ಬೇಕಾದಾಗ ಹೇಳುತ್ತವೆ: ಕೆಳಗಿನ ಎಲೆ ಮೆತ್ತಗಾಗಿ ಸುಕ್ಕು ಬೀಳುತ್ತದೆ. ಎಲೆ ಪಾರದರ್ಶಕವಾಗಿ, ಹಳದಿಯಾಗಿ, ಮುಟ್ಟಿದರೆ ಉದುರಿದರೆ ಅದು ನೀರು ಜಾಸ್ತಿಯಾದ ಗುರುತು. ಸುಕ್ಕು ಬಿದ್ದರೆ ನೀರು, ಕೊಳೆತರೆ ಉಪವಾಸ.

ಉದ್ದಕ್ಕೆ ಬಿಳಿಚಿಕೊಂಡು ಬೆಳೆದದ್ದು ಬೆಳಕು ಸಾಲದೆ. ಹಾಗಂತ ಕೋಣೆಯಿಂದ ತೆಗೆದು ಒಮ್ಮೆಲೇ ತಾರಸಿಯ ಮೇಲೆ ಇಟ್ಟರೆ ಸುಡುತ್ತದೆ, ಕ್ಯಾಕ್ಟಸ್ ಕೂಡ. ನರ್ಸರಿಯಲ್ಲಿ ಹಸಿರು ನೆಟ್ ಕೆಳಗೆ ಬೆಳೆದದ್ದಕ್ಕೆ ನಮ್ಮ ಏಪ್ರಿಲ್ ಬಿಸಿಲಿನ ಅಭ್ಯಾಸ ಎಲ್ಲಿಂದ ಬರಬೇಕು? ಮೊದಲು ಬೆಳಗಿನ ಬಿಸಿಲು, ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ. ಹಾವೋರ್ಥಿಯಾ, ಸ್ನೇಕ್ ಪ್ಲಾಂಟ್ ಇದ್ದರೆ ಅವನ್ನು ಕಿಟಕಿ ಹತ್ತಿರವೇ ಬಿಡಿ, ಅವುಗಳಿಗೆ ಅಷ್ಟು ಬಿಸಿಲು ಬೇಡ.

ಮಣ್ಣಿನ ಬಗ್ಗೆ ನಾನು ಸ್ವಲ್ಪ ಹಟ ಮಾಡುತ್ತೇನೆ. ಎರೆಮಣ್ಣು ಖಂಡಿತ ಬೇಡ, ಅದು ನೀರು ಹಿಡಿದಿಟ್ಟುಕೊಂಡು ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಒಂದು ಪಾಲು, ಹಳೆ ಗೊಬ್ಬರ ಅರ್ಧ ಪಾಲು. ಕ್ಯಾಕ್ಟಸ್‌ಗೆ ಮರಳು, ಇಟ್ಟಿಗೆ ಇನ್ನೂ ಒಂದು ಪಾಲು ಹೆಚ್ಚಿಸಿ. ತಳದಲ್ಲಿ ತೂತಿಲ್ಲದ ಚೆಂದದ ಪಿಂಗಾಣಿ ಕುಂಡ ಎಷ್ಟೇ ಇಷ್ಟವಾದರೂ ತರಬೇಡಿ. ಟ್ರೇಯಲ್ಲಿ ಒಟ್ಟಿಗೆ ಇರುವ ಗಿಡಗಳನ್ನು ಬೇರೆ ಬೇರೆ ಮಾಡಿ ನೆಡಿ.

ಪ್ರಶ್ನೆ: ಕೆಂಪು ತಲೆಯ ಪುಟ್ಟ ಕ್ಯಾಕ್ಟಸ್ ತಂದಿದ್ದೆ. ತಲೆ ಕಿತ್ತು ಮಣ್ಣಲ್ಲಿ ನೆಟ್ಟರೆ ಬೇರು ಬಿಡುತ್ತಾ? — ಓದುಗರು, ಹಿರಿಯೂರು

ಬಿಡಲ್ಲ. ಅದು ಒಂದರ ಮೇಲೊಂದು ಕಸಿ ಮಾಡಿದ ಎರಡು ಕ್ಯಾಕ್ಟಸ್. ಮೇಲಿನ ಕೆಂಪು ಭಾಗದಲ್ಲಿ ಹಸಿರು ದ್ರವ್ಯವೇ ಇಲ್ಲ, ಸ್ವಂತ ಆಹಾರ ಮಾಡಿಕೊಳ್ಳಲಾರದು. ಕೆಳಗಿನ ಹಸಿರು ಕಾಂಡ ಹೆಚ್ಚಾಗಿ ಡ್ರ್ಯಾಗನ್ ಫ್ರೂಟ್ ಜಾತಿಯದು, ಅದೇ ಇಬ್ಬರನ್ನೂ ಸಾಕುತ್ತದೆ.

ಪ್ರಶ್ನೆ: ದೃಷ್ಟಿಗೆ ಅಂತ ಬಾಗಿಲ ಮೇಲೆ ಲೋಳೆಸರ ತಲೆಕೆಳಗಾಗಿ ಕಟ್ಟಿದ್ದೇವೆ. ಮಣ್ಣಿಲ್ಲ, ನೀರಿಲ್ಲ, ಹೂವಿನ ದಂಟು ಬಂದಿದೆ! ಹೇಗೆ? — ಓದುಗರು, ಹೊಳಲ್ಕೆರೆ

ಎಲೆಯೊಳಗಿನ ಲೋಳೆಯೇ ಅದರ ನೀರಿನ ತೊಟ್ಟಿ. ಅದನ್ನು ಅದು ಖರ್ಚು ಮಾಡುವ ರೀತಿ ಅದ್ಭುತ. ಸಾಮಾನ್ಯ ಗಿಡಗಳು ಎಲೆಯ ಸಣ್ಣ ರಂಧ್ರಗಳನ್ನು ಹಗಲು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ, ಆಗ ನೀರು ಆವಿಯಾಗಿ ಹೋಗುತ್ತದೆ. ಲೋಳೆಸರ ಹಗಲು ಮುಚ್ಚಿಕೊಂಡಿದ್ದು ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ರಾತ್ರಿ ತೆಗೆದುಕೊಂಡದ್ದನ್ನು ಹುಳಿಯ ರೂಪದಲ್ಲಿ ಇಟ್ಟುಕೊಂಡು ಹಗಲು ಬೆಳಕಿನಲ್ಲಿ ಆಹಾರ ಮಾಡುತ್ತದೆ. ಕ್ಯಾಕ್ಟಸ್ ಮಾಡುವುದೂ ಇದನ್ನೇ, ಅನಾನಸ್ ಕೂಡ. ಕುಟುಂಬ ಬೇರೆಯಾದರೂ ಈ ವಿದ್ಯೆಯಲ್ಲಿ ಇವೆಲ್ಲ ಒಂದೇ.

ಆದರೆ ತೊಟ್ಟಿ ಒಂದು ದಿನ ಬರಿದಾಗುತ್ತದೆ. ಎಲೆ ತೆಳ್ಳಗಾಗಿ ಒಳಕ್ಕೆ ಮಡಚಿಕೊಂಡರೆ ಇಳಿಸಿ ಮಣ್ಣಿಗೆ ಹಾಕಿ, ಬೇರೆ ಗಿಡ ಕಟ್ಟಿ.

ಇದೇ ಪತ್ರದಲ್ಲಿ ಕತ್ತಾಳೆಯೂ ಲೋಳೆಸರವೂ ಒಂದೇನಾ ಅಂತ ಕೇಳಿದ್ದೀರಿ. ಅಲ್ಲ. ಕತ್ತಾಳೆ ಎಲೆಯ ಒಳಗೆ ನಾರು, ಲೋಳೆಸರದ ಒಳಗೆ ಲೋಳೆ. ಕತ್ತಾಳೆಯ ಒಂದು ಬುಡ ಜೀವಮಾನದಲ್ಲಿ ಒಂದೇ ಸಲ ದೊಡ್ಡ ಕಂಬದಂಥ ಹೂದಂಟು ಬಿಟ್ಟು ಸಾಯುತ್ತದೆ, ಲೋಳೆಸರ ವರ್ಷ ವರ್ಷ ಹೂ ಬಿಡುತ್ತದೆ. ಎರಡೂ ಕ್ಯಾಕ್ಟಸ್ ಅಲ್ಲ. ಕತ್ತಾಳೆ ರಸ ಮೈಗೆ ತಾಗಿದರೆ ಕೆಲವರಿಗೆ ತುಂಬ ನವೆ, ಮುಖಕ್ಕೆ ಹಚ್ಚುವ ಮೊದಲು ಯಾವ ಗಿಡ ಅಂತ ಖಾತ್ರಿ ಮಾಡಿಕೊಳ್ಳಿ.

ಪ್ರಶ್ನೆ: ಬೇಲಿಯ ಬೊಂತೆಗಳ್ಳಿ ಸವರುವಾಗ ತಮ್ಮನ ಕಣ್ಣಿಗೆ ಹಾಲು ಸಿಡಿಯಿತು. ಅರಿಸಿನ ನೀರು ಹಾಕಿ ಅಂತ ಒಬ್ಬರು, ಎದೆಹಾಲು ಅಂತ ಇನ್ನೊಬ್ಬರು. ಈಗ ಪರವಾಗಿಲ್ಲ. ಮುಂದೆ ಏನು ಮಾಡಬೇಕು? — ಓದುಗರು, ಹೊಸದುರ್ಗ ತಾಲ್ಲೂಕು

ಇದನ್ನು ದಯವಿಟ್ಟು ಮನೆಯವರೆಲ್ಲ ಓದಿ. ಬೊಂತೆಗಳ್ಳಿ, ಚದುರಗಳ್ಳಿ, ಎಲೆಗಳ್ಳಿ ಇವೆಲ್ಲ ಯೂಫೋರ್ಬಿಯಾಗಳು, ಇವುಗಳ ಹಾಲು ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನೇ ಸುಡಬಲ್ಲದು. ತಕ್ಷಣ ಉರಿ ಕಡಿಮೆ ಇದ್ದು ಕೆಲವು ಗಂಟೆ ಬಿಟ್ಟು ನೋವು ಏರುವುದೂ ಉಂಟು, ಹಾಗಾಗಿ ಸುಮ್ಮನಾಗಬೇಡಿ. ಉಜ್ಜಬೇಡಿ. ಶುದ್ಧ ನೀರಿನಿಂದ ಕಾಲು ಗಂಟೆಯಾದರೂ ಕಣ್ಣು ತೆರೆದು ತೊಳೆಯುತ್ತಲೇ ಇರಿ, ಅಲ್ಲಿಂದ ನೇರ ಕಣ್ಣಿನ ಡಾಕ್ಟರ ಹತ್ತಿರ. ಅರಿಸಿನ, ಜೇನು, ಎದೆಹಾಲು ಯಾವುದೂ ಬೇಡ. ತಮ್ಮನನ್ನೂ ಈಗ ಪರವಾಗಿಲ್ಲ ಅಂತ ಬಿಡದೆ ಒಮ್ಮೆ ತೋರಿಸಿ.

ಸವರುವಾಗ ಕನ್ನಡಕ, ಕೈಗವಸು, ತುಂಬು ತೋಳಿನ ಅಂಗಿ ಇರಲಿ. ಚರ್ಮಕ್ಕೆ ತಾಗಿದರೆ ಸೋಪು ಹಚ್ಚಿ ತೊಳೆಯಿರಿ. ಮುಂಬಾಗಿಲಲ್ಲಿ ಇಡುವ ಮುಳ್ಳಿನ, ಕೆಂಪು ಹೂವಿನ ಯೂಫೋರ್ಬಿಯಾಕ್ಕೂ ಇದೇ ಎಚ್ಚರಿಕೆ. ಅಡೀನಿಯಂ ಬೇರೆ ಕುಟುಂಬ, ಆದರೆ ಅದರ ರಸವೂ ವಿಷ. ಕ್ಯಾಕ್ಟಸ್‌ನಲ್ಲಿ ಭಯ ಮುಳ್ಳಿನದು, ಇವುಗಳಲ್ಲಿ ಭಯ ಹಾಲಿನದು. ಚಿಕ್ಕ ಮಕ್ಕಳಿರುವ ಮನೆಯವರು ಗಿಡ ತರುವ ಮೊದಲು ಯಾವುದು ಅಂತ ತಿಳಿದೇ ತನ್ನಿ.

ಪ್ರಶ್ನೆ: ಜೋಗಿಮಟ್ಟಿ ಕಡೆ ಹೋದಾಗ ಚದುರಗಳ್ಳಿ ಕಿತ್ತು ತಂದು ಕುಂಡದಲ್ಲಿ ಬೆಳೆಸಬಹುದಾ? — ಓದುಗರು, ಚಿತ್ರದುರ್ಗ

ಬೇಡ. ಅದು ಕಾಡು, ಅಲ್ಲಿಂದ ಏನೂ ಕೀಳುವ ಹಾಗಿಲ್ಲ. ಗೊತ್ತಿರುವವರ ಹೊಲದ ಬೇಲಿಯಲ್ಲಿ ಕೇಳಿ ಒಂದು ಗೇಣುದ್ದದ ತುಂಡು ತನ್ನಿ. ದೂರದ ಕ್ಯಾಕ್ಟಸ್‌ಗೆ ದುಡ್ಡು ಕೊಡುವ ನಾವು ನಮ್ಮ ನೆಲದ ಈ ಗಿಡವನ್ನು ಕುಂಡದಲ್ಲಿಡಲು ಮನಸ್ಸು ಮಾಡಿದ್ದು ನನಗೆ ನಿಜಕ್ಕೂ ಖುಷಿ. ಕೈಗವಸು ಹಾಕಿಕೊಂಡು ಕತ್ತರಿಸಿ, ಹಾಲು ನಿಲ್ಲುವ ತನಕ ಕತ್ತರಿಸಿದ ತುದಿಯನ್ನು ನೀರಿನಲ್ಲಿ ಅದ್ದಿ. ಆಮೇಲೆ ನೆರಳಿನಲ್ಲಿ ವಾರ, ಹತ್ತು ದಿನ ಹಾಗೇ ಬಿಡಿ, ತುದಿ ಗಟ್ಟಿಯಾಗಿ ಒಣಗಬೇಕು. ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ. ಮೇಲೆ ಹೇಳಿದ ಮರಳು ಮಣ್ಣಿನಲ್ಲಿ ಎರಡು ಬೆರಳು ಆಳಕ್ಕೆ ನಿಲ್ಲಿಸಿ, ಆಧಾರಕ್ಕೆ ಸುತ್ತ ಕಲ್ಲು ಇಡಿ. ಮೊದಲ ನೀರು ಒಂದು ವಾರ ಬಿಟ್ಟು. ಮೆಲ್ಲಗೆ ಎಳೆದಾಗ ಅಲುಗಾಡದೆ ನಿಂತರೆ ಬೇರು ಹಿಡಿದಿದೆ, ಆಗ ನಿಧಾನಕ್ಕೆ ಬಿಸಿಲಿಗೆ ಸರಿಸಿ.